ಒಂಟೆತ್ತಿನ ಬೇಸಾಯ ಬೇಡ

ಮೊನ್ನೆ ಭಾನುವಾರ ನೀನು ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ನಿನಗಿಷ್ಟ ಅಂತಲೇ ಎಣ್ಣೆಗಾಯಿ ಮಾಡಿದ್ದೆ, ಅದೂ ತಟ್ಟೆಯಲ್ಲೇ ಉಳಿಯಿತು. ಕಾರಣ ನನಗೆ ಗೊತ್ತು. ನಿಮ್ಮ ಕಾಕಾ ಕೇಳಿದ ಮಾತು: “ಎಂ.ಎ. ಆತು, ಪಿಎಚ್.ಡಿ. ಸೀಟು ಸಿಗಲಿಲ್ಲ. ಇನ್ನ ಆ ಭಾಷಾವಿಜ್ಞಾನ ಕಟ್ಕೊಂಡು ಏನ್ ಮಾಡ್ತಿ ಯವ್ವಾ?” ನನ್ನ ತಮ್ಮನ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ, ಅದಕ್ಕೆ ಕೇಳಿದ. ನಿನಗೂ ಉತ್ತರ ಹೊಳೆಯಲಿಲ್ಲ, ಅದಕ್ಕೆ ಎದ್ದು ಹೋದೆ. ನಾಲ್ಕು ಜನರ ಎದುರು ಹೇಳಿದರೆ ಉಪದೇಶವಾಗುತ್ತದೆ ಅಂತ ನಾನು ಸುಮ್ಮನಿದ್ದೆ. ಈಗ ಅತ್ತೆಯ ಮಾತು ಅಂತ ಕಿವಿಯಲ್ಲಿ ಹಾಕಿಕೋ.

1987ರಲ್ಲಿ ಇದೇ ಹೈದರಾಬಾದಿನಲ್ಲಿ ನಾನು ಇದೇ ಎಂ.ಎ. ಮುಗಿಸಿದಾಗ ನನ್ನನ್ನೂ ಇದನ್ನೇ ಕೇಳಿದ್ದರು. ಆಗ ಉತ್ತರ ಕೊಟ್ಟದ್ದು ನಮ್ಮ ಅಪ್ಪ, ನಿನ್ನ ಅಜ್ಜ. ಸೇಡಂ ಕಡೆಯ ನಮ್ಮ ತೊಗರಿ ಹೊಲ ನಿನಗೆ ನೆನಪಿರಲಿಕ್ಕಿಲ್ಲ. ಒಂದು ವರ್ಷ ಮುಂಗಾರಿಗೆ ಮುಂಚೆ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಉಳಿದದ್ದು ಒಳ್ಳೆಯ ಎತ್ತೇ, ಆದರೆ ನೊಗದ ಇನ್ನೊಂದು ತುದಿ ಖಾಲಿ ಇದ್ದರೆ ಎರೆಮಣ್ಣಿನಲ್ಲಿ ಕುಂಟೆ ಸಾಗುತ್ತದೆಯೇ? ಪಕ್ಕದ ಹೊಲದವರಿಂದ ಒಂದು ಎತ್ತು ಕೇಳಿ ತಂದು ಬಿತ್ತನೆ ಮುಗಿಸಿದರು. ನನ್ನ ಡಿಗ್ರಿ ನೋಡಿ ಅಪ್ಪ ಹೇಳಿದ್ದು ಅದನ್ನೇ: “ಎತ್ತು ಛಲೋ ಅದ. ಇದಕ್ಕೊಂದು ಜೋಡಿ ಹುಡುಕು.” ನಾನು ಇಲ್ಲಿಯವರೆಗೆ ಉಂಡ ಅನ್ನವೆಲ್ಲ ಆ ಮಾತಿನದು.

ಮೊದಲು ನಿನ್ನ ಹತ್ತಿರ ಇರುವ ಎತ್ತು ಎಂಥದ್ದು ನೋಡೋಣ. ನಾಳೆ ಯಾವುದಾದರೂ ಮೊಬೈಲ್ ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ನೋಡು. ‘ಬಳ್ಳಾರಿನಲ್ಲಿ ಮಳೆ’, ‘ಧಾರವಾಡನಲ್ಲಿ ಹೋಟೆಲುಗಳು’ ಅಂತ ಬಂದರೂ ಬರಬಹುದು. ಪ್ರೋಗ್ರಾಮ್ ಬರೆದವನಿಗೆ ಇಂಗ್ಲಿಷಿನಲ್ಲಿ ಒಂದು ಶಬ್ದ ಇಟ್ಟು ಅದರ ಪಕ್ಕದಲ್ಲಿ ಯಾವ ಊರನ್ನು ಕೂರಿಸಿದರೂ ನಡೆದಿತ್ತು. ಕನ್ನಡದಲ್ಲೂ ಹಾಗೇ ‘ನಲ್ಲಿ’ ಅಂಟಿಸಿಬಿಟ್ಟ. ನಾವೋ ಬಳ್ಳಾರಿಯಲ್ಲಿ, ಧಾರವಾಡದಲ್ಲಿ, ಮೈಸೂರಿನಲ್ಲಿ ಎನ್ನುತ್ತೇವೆ. ಊರಿನ ಹೆಸರು ಯಾವ ಸ್ವರದಲ್ಲಿ ಮುಗಿಯುತ್ತದೆ ಎನ್ನುವುದರ ಮೇಲೆ ನಡುವೆ ಯ, ದ, ಇನ ಬರುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮಂಡ್ಯ, ಬಸವ ಎರಡೂ ಅಕಾರದಲ್ಲೇ ಮುಗಿದರೂ ‘ಮಂಡ್ಯಕ್ಕೆ’ ಹೋಗುತ್ತೇವೆ, ‘ಬಸವನಿಗೆ’ ಕೊಡುತ್ತೇವೆ. ಅಂದರೆ ಹೆಸರು ಮನುಷ್ಯನದೋ ಅಲ್ಲವೋ ಎಂದು ಯಂತ್ರಕ್ಕೆ ಮೊದಲು ತಿಳಿಸಬೇಕು.

ಈ ತಪ್ಪು ಕನ್ನಡ ಬಲ್ಲ ಯಾರ ಕಿವಿಗಾದರೂ ಚುಚ್ಚುತ್ತದೆ. ಏಕೆ ತಪ್ಪು, ಸರಿಪಡಿಸಲು ಎಷ್ಟು ನಿಯಮ ಸಾಕು, ಯಾವ ಹೆಸರುಗಳು ಆ ನಿಯಮಕ್ಕೂ ಸಿಗದೆ ನುಣುಚಿಕೊಳ್ಳುತ್ತವೆ ಎಂದು ಅರ್ಧ ಪುಟದಲ್ಲಿ ಬರೆದು ಎಂಜಿನಿಯರನ ಕೈಗೆ ಕೊಡಲು ನಿನಗೆ ಬರುತ್ತದೆ. ನಿನ್ನ ವಿದ್ಯೆ ಅದು. ಹಿತ್ತಲ ಗಿಡ ಅಂತ ನೀನೇ ಅದನ್ನು ಮದ್ದಿನ ಲೆಕ್ಕಕ್ಕೆ ಹಿಡಿದಿಲ್ಲ.

ಈ ಊರಿಗೆ ಇಂಥ ವಿದ್ಯೆ ಹೊಸದೂ ಅಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದಾಗ ಪಾಠ ಉರ್ದುವಿನಲ್ಲಿ ಎಂದು ನಿಜಾಮರ ಸರ್ಕಾರ ತೀರ್ಮಾನಿಸಿತ್ತು. ಪುಸ್ತಕ ಎಲ್ಲಿಂದ ಬರಬೇಕು? ಅದಕ್ಕಾಗಿ ಹಿಂದಿನ ವರ್ಷವೇ, 1917ರಲ್ಲಿ, ‘ದಾರುಲ್ ತರ್ಜುಮಾ’ ಎಂಬ ಅನುವಾದ ಕಚೇರಿ ತೆರೆದರು. ಮೌಲ್ವಿ ಅಬ್ದುಲ್ ಹಕ್ ಅದರ ಹೊಣೆ ಹೊತ್ತಿದ್ದರು. ರಸಾಯನಶಾಸ್ತ್ರ, ಗಣಿತ, ವೈದ್ಯಕೀಯಗಳ ಒಂದೊಂದು ಪದಕ್ಕೂ ಉರ್ದುವಿನಲ್ಲಿ ಏನು ಹೇಳಬೇಕೆಂದು ವಿಷಯ ಬಲ್ಲವರೂ ಭಾಷೆ ಬಲ್ಲವರೂ ಒಟ್ಟಿಗೆ ಕೂತು ಚರ್ಚಿಸಿ ತೀರ್ಮಾನಿಸುತ್ತಿದ್ದರು. ಪದ ಕಟ್ಟುವ ಬಗೆಯ ಮೇಲೆಯೇ ವಹೀದುದ್ದೀನ್ ಸಲೀಂ ಒಂದು ಪುಸ್ತಕ ಬರೆದರು. ಭಾಷೆ ಬಲ್ಲವರು ಸರ್ಕಾರಿ ಸಂಬಳದಲ್ಲಿ ಪದ ಕಟ್ಟಿದ ಊರು ಇದು.

ಉಸ್ಮಾನಿಯಾದಲ್ಲಿ ಭಾಷಾವಿಜ್ಞಾನ ವಿಭಾಗ ಕಟ್ಟಿದ ಭದ್ರಿರಾಜು ಕೃಷ್ಣಮೂರ್ತಿಯವರ ಹೆಸರು ನಿನಗೆ ದ್ರಾವಿಡ ಭಾಷೆಗಳ ದೊಡ್ಡ ಪುಸ್ತಕದಿಂದ ಗೊತ್ತು. ಅದಕ್ಕೆ ಎಷ್ಟೋ ಮುಂಚೆ, 1962ರಲ್ಲಿ, ತೆಲುಗು ರೈತರ ಬಾಯಲ್ಲಿರುವ ಬೇಸಾಯದ ಪದಗಳ ಕೋಶವೊಂದನ್ನು ಅವರು ಹೊರತಂದರು. ಆಮೇಲೆ ಕೈಮಗ್ಗದ ಪದಗಳದ್ದು ಬಂತು. ನೇಗಿಲಿನ ಯಾವ ಭಾಗವನ್ನು ಯಾವ ಜಿಲ್ಲೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವ ಆ ಕೆಲಸವನ್ನೇ ಇವತ್ತು ಕಂಪನಿಗಳು ‘ಟರ್ಮಿನಾಲಜಿ’ ಎನ್ನುತ್ತವೆ. ನೇಗಿಲಿನ ಜಾಗಕ್ಕೆ ಬ್ಯಾಂಕಿನ ಪಾಸ್‌ಬುಕ್ಕೋ ಟ್ರ್ಯಾಕ್ಟರಿನ ಕೈಪಿಡಿಯೋ ಬಂದಿದೆ.

ಇನ್ನು ಜೋಡಿ ಎತ್ತುಗಳ ಮಾತು. ನಿನ್ನ ಗೆಳತಿಯರೆಲ್ಲ ಹೇಳುವುದು ಕಂಪ್ಯೂಟರ್, ಅದನ್ನೇ ಮೊದಲು ನೋಡೋಣ. ಗಚ್ಚಿಬೌಲಿಯ ಐಐಐಟಿ 1998ರಲ್ಲಿ ಶುರುವಾಯಿತು. ಅಲ್ಲಿ ಭಾಷಾ ತಂತ್ರಜ್ಞಾನಕ್ಕೇ ಒಂದು ಕೇಂದ್ರವಿದೆ. ಹುಡುಗರು ಕಂಪ್ಯೂಟರ್ ವಿಜ್ಞಾನವನ್ನೂ ಭಾಷಾವಿಜ್ಞಾನವನ್ನೂ ಒಂದೇ ನೊಗಕ್ಕೆ ಕಟ್ಟಿ ಓದುತ್ತಾರೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದದ ಕೇಂದ್ರವಿದೆ. ಪಾಣಿನಿಯ ದಾರಿ ಹಿಡಿದು ಕಾನ್ಪುರದ ಐಐಟಿಯಲ್ಲಿ ಮೊಳೆತ ‘ಅನುಸಾರಕ’ ಎಂಬ ಅನುವಾದ ಯಂತ್ರ ಆಮೇಲೆ ಬೆಳೆದದ್ದು ಹೈದರಾಬಾದಿನಲ್ಲಿ. ಅದು ಮೊದಮೊದಲು ಓದಲು ಕಲಿತ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು: ಕನ್ನಡ ಓದಿ ಹಿಂದಿಯಲ್ಲಿ ಹೇಳುತ್ತಿತ್ತು. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಶುರುಮಾಡಿದ ಮೇಲೆ ನಮ್ಮ ಭಾಷೆಗಳ ಧ್ವನಿ, ಪಠ್ಯ ಕೂಡಿಸುವ ಕೆಲಸ ಇನ್ನಷ್ಟು ಹೆಚ್ಚಿತು.

ಅಲ್ಲಿ ನಿನಗೆ ಏನು ಕೆಲಸ? ಯಂತ್ರಕ್ಕೆ ಕನ್ನಡ ಓದಲು ಕಲಿಸಬೇಕು ಅಂದುಕೋ. ‘ಫ’ ಎಂಬ ಒಂದೇ ಅಕ್ಷರವನ್ನು ‘ಫಲ’ದಲ್ಲಿ ಒಂದು ಬಗೆ, ‘ಫೋನ್’ನಲ್ಲಿ ಇನ್ನೊಂದು ಬಗೆ ಉಚ್ಚರಿಸಬೇಕು. ‘3 ಮರ’ ಕಂಡರೆ ಮೂರು, ‘3 ಮಕ್ಕಳು’ ಕಂಡರೆ ಮೂವರು. ‘ರೂ. 50’ ಕಂಡರೆ ಹಿಂದುಮುಂದಾಗಿ ಐವತ್ತು ರೂಪಾಯಿ. ನಮ್ಮ ಕಲಬುರಗಿ ಮಂದಿ ‘ಹೊಂಟೀನಿ’ ಅಂದರೂ, ಮೈಸೂರಿನವರು ‘ಹೊರಟಿದೀನಿ’ ಅಂದರೂ ಅದಕ್ಕೆ ತಿಳಿಯಬೇಕು. ಉಚ್ಚಾರಣೆಯ ಕೋಶ ಮಾಡುವುದು, ನೂರು ಜನ ಗುರುತು ಹಾಕುವಾಗ ಎಲ್ಲರೂ ಒಂದೇ ರೀತಿ ಹಾಕುವಂತೆ ನಿಯಮ ಬರೆಯುವುದು, ಯಂತ್ರ ಕೊಟ್ಟ ಉತ್ತರ ಕನ್ನಡವೋ ಕನ್ನಡದ ವೇಷದ ಇಂಗ್ಲಿಷೋ ಎಂದು ತೂಗುವುದು, ಹೀಗೆ ಕೆಲಸ ಬೇಕಾದಷ್ಟಿದೆ.

ಜಾಹೀರಾತಿನಲ್ಲಿ ‘ಭಾಷಾವಿಜ್ಞಾನಿ ಬೇಕು’ ಎಂದು ಹುಡುಕುತ್ತ ಕೂತರೆ ದಿನ ಹೋಗುತ್ತದೆ. ಲ್ಯಾಂಗ್ವೇಜ್ ಎಂಜಿನಿಯರ್, ಡೇಟಾ ಅನೊಟೇಷನ್, ಲೋಕಲೈಸೇಷನ್, ಕನ್ವರ್ಸೇಷನ್ ಡಿಸೈನ್ ಎಂಬ ಹೆಸರುಗಳಲ್ಲಿ ಹುಡುಕು. ಅದರ ಮುಂಚೆ ಆರು ತಿಂಗಳು ಕೂತು ಪೈಥಾನ್ ಕಲಿ. ದೊಡ್ಡ ಸಾಫ್ಟ್‌ವೇರ್ ಬರೆಯುವಷ್ಟು ಬೇಡ. ಹತ್ತು ಸಾವಿರ ವಾಕ್ಯದ ಕಡತದಲ್ಲಿ ‘ಇಂದ’ ಪ್ರತ್ಯಯ ಬಂದದ್ದನ್ನೆಲ್ಲ ಹೆಕ್ಕಿ ಎಣಿಸುವಷ್ಟು ಬಂದರೆ ಸಾಕು. ಧ್ವನಿಯ ಪಾಠಕ್ಕೆ ನೀನು ಬಳಸಿದ ‘ಪ್ರಾಟ್’ ಈಗಲೂ ಉಪಯೋಗಕ್ಕೆ ಬರುತ್ತದೆ, ಮರೆಯಬೇಡ.

ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಬರೀ ಗುರುತು ಹಾಕುವ ಕೆಲಸ ಆರು ತಿಂಗಳ, ವರ್ಷದ ಗುತ್ತಿಗೆಯಲ್ಲಿ ಸಿಗುತ್ತದೆ, ಯೋಜನೆ ಮುಗಿದ ದಿನ ಮುಗಿಯುತ್ತದೆ. ಹೋಗು, ಬೇಡ ಅನ್ನುವುದಿಲ್ಲ. ಬಾಗಿಲು ದಾಟಲು ಅದೂ ಒಂದು ಮೆಟ್ಟಿಲೇ. ಆದರೆ ಮೊದಲ ವಾರದಿಂದಲೇ ಗುರುತು ಹಾಕುವಾಗ ಎದ್ದ ಗೊಂದಲಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಿಯಮ ತಿದ್ದಬೇಕಾದ ದಿನ ಆ ನೋಟ್‌ಬುಕ್ ಇದ್ದವಳನ್ನೇ ಕರೆಯುತ್ತಾರೆ. ನಾನು ಮೇಲೆ ಹತ್ತಿದ್ದು ಹಾಗೆಯೇ.

ಕಂಪ್ಯೂಟರ್ ಎಲ್ಲರಿಗೂ ಒಗ್ಗುವುದಿಲ್ಲ. ನಿನಗೆ ಸಿನಿಮಾ ಹುಚ್ಚಲ್ಲವೇ? ಹಾಗಾದರೆ ಇದನ್ನು ಕೇಳು. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗಿಗೆ ಇದ್ದ ಬರೆಯದ ನಿಷೇಧ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಸಡಿಲವಾಯಿತು. 2019ರಲ್ಲಿ ‘ಸೈರಾ ನರಸಿಂಹ ರೆಡ್ಡಿ’, 2022ರಲ್ಲಿ ‘ಆರ್‌ಆರ್‌ಆರ್’ ಕನ್ನಡ ಮಾತಾಡುತ್ತಲೇ ತೆರೆಗೆ ಬಂದವು. ತೆಲುಗಿನಿಂದ ಕನ್ನಡಕ್ಕೆ ಮಾತು ಕೂರಿಸುವುದು ಸುಲಭ, ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ ಅಂತ ಜನ ತಿಳಿಯುತ್ತಾರೆ. ವಾಕ್ಯದ ಮಟ್ಟಿಗೆ ಅದು ನಿಜ. ತುಟಿಯ ಮಟ್ಟಿಗೆ ನೋಡು: ತೆಲುಗಿನವರ ಪಾಲು ನಮಗೆ ಹಾಲು. ಅವರ ಪುಲಿ ನಮ್ಮ ಹುಲಿ, ಅವರ ಪುವ್ವು ನಮ್ಮ ಹೂವು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದೆಯಲ್ಲ, ಅದೇ ಇದು. ತೆರೆಯ ಮೇಲಿನ ನಟ ‘ಪುಲಿ’ ಎನ್ನಲು ತುಟಿ ಕೂಡಿಸುತ್ತಾನೆ, ‘ಹುಲಿ’ ಎನ್ನುವ ನಮ್ಮ ಧ್ವನಿಗೆ ತುಟಿ ಕೂಡುವುದೇ ಇಲ್ಲ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ನಿನಗೆ ಹೇಳಲು ಬರುತ್ತದೆ, ಸರಿಪಡಿಸಲೂ ಬರುತ್ತದೆ. ‘ಪುಲಿ ವಚ್ಚಿಂದಿ’ ಎಂಬ ಕಡೆ ‘ಹುಲಿ ಬಂತು’ ಎಂದು ನೇರವಾಗಿ ಇಡದೆ ‘ಬಂತಲ್ಲೋ ಹುಲಿ’ ಅಂತ ತಿರುಗಿಸಿದರೆ ಪಕಾರದ ಜಾಗಕ್ಕೆ ಬಕಾರ ಬಂದು ತುಟಿ ಕೂಡುತ್ತದೆ, ಐದು ಅಕ್ಷರಕ್ಕೆ ಐದು ಅಕ್ಷರವೂ ಸರಿಹೋಗುತ್ತದೆ, ಮಾತೂ ಜೀವಂತ ಕನ್ನಡವಾಗಿ ಉಳಿಯುತ್ತದೆ. ತೆಲುಗು ಚಿತ್ರರಂಗ ಇರುವ ಊರಿನಲ್ಲೇ ನೀನಿದ್ದೀಯ. ಎರಡೂ ಭಾಷೆ ಬಲ್ಲವರು ಇಲ್ಲಿ ಬಹಳ ಮಂದಿ ಇದ್ದಾರೆ, ತುಟಿಯ ಲೆಕ್ಕ ಬಲ್ಲವರು ಕಡಿಮೆ. ಸಬ್‌ಟೈಟಲ್ ಕೆಲಸಕ್ಕೂ ಇದೇ ಕಣ್ಣು ಬೇಕು. ಅಲ್ಲಿ ಲೆಕ್ಕ ಓದುವ ವೇಗದ್ದು.

ಸಿನಿಮಾದ ಪಕ್ಕದಲ್ಲೇ ಸುದ್ದಿಮನೆ ಇದೆ. ಈಟಿವಿ ಕನ್ನಡ 2000ದಲ್ಲಿ ಶುರುವಾದಾಗ ನಮ್ಮ ಕಡೆಯ ಎಷ್ಟೋ ಹುಡುಗರು ರಾಮೋಜಿ ಫಿಲ್ಮ್ ಸಿಟಿಗೆ ಕೆಲಸಕ್ಕೆ ಬಂದರು. 2019ರಲ್ಲಿ ಶುರುವಾದ ಈಟಿವಿ ಭಾರತ್‌ನಲ್ಲೂ ಕನ್ನಡವಿದೆ. ಬೆಂಗಳೂರಿನ ಸುದ್ದಿಯನ್ನು ಹೈದರಾಬಾದಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ಮೇಜುಗಳು ಅವು. ಪುಸ್ತಕದ ಕೆಲಸ ಬೇಕಾದರೆ ಹಿಮಾಯತ್‌ನಗರದಲ್ಲಿ ಓರಿಯಂಟ್ ಬ್ಲ್ಯಾಕ್‌ಸ್ವಾನ್ ಇದೆ, ಹಿಂದೆ ಓರಿಯಂಟ್ ಲಾಂಗ್‌ಮನ್ ಎನ್ನುತ್ತಿದ್ದೆವು. ಕರಡು ತಿದ್ದುವುದರಿಂದ ಶುರುಮಾಡಿ ಸಂಪಾದಕಿಯಾಗುವ ದಾರಿ ನಿಧಾನದ್ದು, ಆದರೆ ಒಮ್ಮೆ ಕಲಿತ ಕೈಕೆಲಸ ಕೊನೆಯವರೆಗೆ ಬಿಟ್ಟುಹೋಗುವುದಿಲ್ಲ. ನಾನು ಮೊದಲ ಸಂಬಳ ಎಣಿಸಿದ್ದು ಒಂದು ಮುದ್ರಣಾಲಯದಲ್ಲಿ, ಕರಡಚ್ಚು ತಿದ್ದಿ. ಒತ್ತಕ್ಷರ ತಪ್ಪಿದರೆ ಇಂದಿಗೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ಕಲಿಸುವ ಮನಸ್ಸಿದ್ದರೆ ಕಾಲೇಜೊಂದೇ ಗತಿ ಎಂದುಕೊಳ್ಳಬೇಡ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದರ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯದ ಶಿಕ್ಷಕರು ಹತ್ತು ತಿಂಗಳು ಕೂತು ಕನ್ನಡ, ತೆಲುಗು, ತಮಿಳು, ಮಲಯಾಳ ಕಲಿಯುತ್ತಾರೆ. ದೊಡ್ಡವರಿಗೆ ಭಾಷೆ ಕಲಿಸುವುದು ಮಕ್ಕಳಿಗೆ ಕಲಿಸಿದ ಹಾಗಲ್ಲ. ‘ಮನೆ’ಗೂ ‘ಮಣೆ’ಗೂ ಏನು ವ್ಯತ್ಯಾಸ ಎಂದು ಕೇಳಿದವರಿಗೆ ‘ಕೇಳಿಸುವುದಿಲ್ಲವಾ?’ ಅಂದರೆ ಮುಗಿಯಲಿಲ್ಲ, ನಾಲಿಗೆ ಎಲ್ಲಿ ತಾಗಬೇಕೆಂದು ತೋರಿಸಬೇಕು. ಆದಿವಾಸಿ ಮಕ್ಕಳಿಗೆ ಅವರದೇ ನುಡಿಯಲ್ಲಿ ಮೊದಲ ಪಾಠ ಹೇಳುವ ಕಾರ್ಯಕ್ರಮವನ್ನು ಅವಿಭಜಿತ ಆಂಧ್ರ 2004ರಲ್ಲಿ ಶುರುಮಾಡಿತು. ಗೋಂಡಿ, ಕೋಯ, ಕೊಲಾಮಿ, ಬಂಜಾರಾ ನುಡಿಗಳಿಗೆ ವಾಚಕಗಳು ಬೇಕಾದವು. ಬರಹದಲ್ಲಿ ಹೆಚ್ಚು ಬಳಕೆಯಾಗದ ನುಡಿಗೆ ಯಾವ ಅಕ್ಷರ ಸಾಕು, ಯಾವುದು ಸಾಲದು ಎಂದು ಹೇಳಲು ಧ್ವನಿಮಾ ಲೆಕ್ಕ ಬಲ್ಲವರೇ ಬೇಕು. ದೂರದ ಮಾತು ಬೇಡವೆಂದರೆ ನಾರಾಯಣಪೇಟೆ ಕಡೆಯ ಗಡಿಯ ಶಾಲೆಯಲ್ಲೋ, ಇಲ್ಲೇ ಕಾಚಿಗುಡದ ನೃಪತುಂಗ ಶಾಲೆಯಲ್ಲೋ ಒಮ್ಮೆ ಹೋಗಿ ಕೂತು ನೋಡು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖ್ಖನಿ ಕೇಳಿ ಬೆಳೆಯುವ ಮಗು ಎಲ್ಲಿ ಎಡವುತ್ತದೆ ಎನ್ನುವುದು ಬೇರೆಯವರಿಗಿಂತ ಬೇಗ ನಿನಗೆ ತಿಳಿಯುತ್ತದೆ. ನೀನೂ ಅಂಥ ಮಗುವೇ ಆಗಿದ್ದೆ.

ಆಸ್ಪತ್ರೆಯ ಕೆಲಸದ ದಾರಿ ಕೇಳಿದ್ದೆಯಲ್ಲ, ಅದನ್ನು ಖಂಡಿತವಾಗಿ ಹೇಳಿಬಿಡುತ್ತೇನೆ. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ, ತಡವಾಗಿ ಮಾತು ಬರುವ ಮಕ್ಕಳಿಗೆ ಚಿಕಿತ್ಸೆ ಕೊಡುವವರು ಅದಕ್ಕೇ ಬೇರೆ ಪದವಿ ಓದಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಮೈಸೂರಿನಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆ ಅಂಥ ಓದಿಗೆ ಹೆಸರಾದದ್ದು. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಿನ್ನ ಎಂ.ಎ. ಒಂದನ್ನೇ ಹಿಡಿದು ಅಲ್ಲಿ ರೋಗಿಯ ಮುಂದೆ ಕೂರಲು ಆಗುವುದಿಲ್ಲ, ಕೂರಲೂ ಬಾರದು. ಮನಸ್ಸು ಅಷ್ಟು ಗಟ್ಟಿಯಿದ್ದರೆ ಮೊದಲಿನಿಂದ ಓದಬೇಕು. ಸನ್ನೆ ಭಾಷೆಯ ದುಭಾಷಿ ಕೆಲಸಕ್ಕೂ ಬೇರೆ ತರಬೇತಿ ಇದೆ. ಆದರೆ ಸನ್ನೆಗೂ ವ್ಯಾಕರಣವಿದೆ ಎಂದು ನಿನಗೆ ಯಾರೂ ಒಪ್ಪಿಸಬೇಕಾಗಿಲ್ಲ, ಅಷ್ಟು ನಿನಗೆ ಮುಂಗಡ.

ಅನುವಾದದ ಮಾತನ್ನು ಬೇಕೆಂದೇ ಕೊನೆಗೆ ಇಟ್ಟೆ. ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ, ಕೈ ಸುಟ್ಟುಕೊಳ್ಳುವುದೂ ಅಲ್ಲಿಯೇ. ಒಂದು ಏಜೆನ್ಸಿಯವರು ‘ಮಾದರಿ’ ಅಂತ ನನ್ನಿಂದ ನಲವತ್ತು ಪುಟ ಮಾಡಿಸಿಕೊಂಡರು. ಆಮೇಲೆ ಫೋನ್ ಎತ್ತಲಿಲ್ಲ. ಆವತ್ತಿನಿಂದ ನನ್ನ ನಿಯಮ: ಮಾದರಿ ಒಂದು ಪುಟ. ದರ, ಗಡುವು, ಹಣ ಬರುವ ದಿನ ಮೊದಲೇ ಬರಹದಲ್ಲಿರಬೇಕು. ಕೆಲಸ ಕೊಡಲು ನಿನ್ನಿಂದಲೇ ದುಡ್ಡು ಕೇಳುವವರ ಹತ್ತಿರ ಎರಡನೇ ಮಾತು ಬೇಡ. ಈಗ ಯಂತ್ರ ಮಾಡಿದ ಅನುವಾದವನ್ನು ತಿದ್ದಿಕೊಡಿ ಅಂತ ಕಡಿಮೆ ದರಕ್ಕೆ ಕೇಳುವವರು ಹೆಚ್ಚಾಗಿದ್ದಾರೆ. ತಿದ್ದಲು ಹಿಡಿಯುವ ಹೊತ್ತನ್ನು ಗಡಿಯಾರ ಇಟ್ಟು ಅಳೆದು ಆಮೇಲೆ ಒಪ್ಪು. ಕೆಲವು ಸಲ ಹೊಸದಾಗಿ ಬರೆಯುವುದೇ ಬೇಗ ಮುಗಿಯುತ್ತದೆ. ಕಾನೂನು, ಔಷಧ, ಬೇಸಾಯ, ಬ್ಯಾಂಕು, ಯಾವುದಾದರೂ ಒಂದು ವಿಷಯವನ್ನು ಗಟ್ಟಿ ಹಿಡಿ. ಎಲ್ಲವನ್ನೂ ಅನುವಾದಿಸುತ್ತೇನೆ ಎನ್ನುವವಳಿಗೆ ಸಿಗುವ ದರ ಯಾವತ್ತೂ ಕಡಿಮೆಯೇ.

ಅಲ್ಲಿಗೆ ನಾನು ಹೇಳಿದ ದಾರಿಗಳೆಲ್ಲ ಎರಡೆತ್ತಿನವೇ ಎಂದು ನಿನಗೇ ಕಂಡಿರಬೇಕು. ಭಾಷಾವಿಜ್ಞಾನದ ಪಕ್ಕದಲ್ಲಿ ಪೈಥಾನೋ, ಸಿನಿಮಾವೋ, ಸಂಪಾದನೆಯೋ, ಪಾಠವೋ, ಕಾನೂನೋ ಒಂದು. ಹಾಗಂತ ನಾಲ್ಕೈದು ಎತ್ತು ತಂದು ನೊಗಕ್ಕೆ ಕಟ್ಟಬೇಡ. ಒಂದನ್ನು ಆರಿಸಿಕೊಂಡು ಒಂದು ವರ್ಷ ಅದರ ಹಿಂದೆ ನಡೆ. ಪಿಎಚ್.ಡಿ. ಬಾಗಿಲು ಎಲ್ಲಿಗೂ ಓಡಿ ಹೋಗುವುದಿಲ್ಲ. ನಾಲ್ಕು ವರ್ಷ ಕೆಲಸ ಮಾಡಿ ಒಂದು ನಿಜವಾದ ಪ್ರಶ್ನೆ ಹೊತ್ತು ಮರಳಿ ಹೋದವರನ್ನು ನೋಡಿದ್ದೇನೆ, ಮರಳದೆಯೇ ಸುಖವಾಗಿರುವವರನ್ನೂ ನೋಡಿದ್ದೇನೆ. ಎರಡನೆಯ ಗುಂಪಿನವಳು ನಾನು.

ಈ ವಾರ ನಿನಗೆ ಒಂದೇ ಕೆಲಸ. ಮೂರು ಪುಟ ಬರೆ. ಮೊದಲನೆಯದರಲ್ಲಿ ನಿನ್ನ ಫೋನಿನ ಯಾವುದಾದರೂ ಆ್ಯಪ್‌ನಲ್ಲಿ ಕಂಡ ಹತ್ತು ಕನ್ನಡ ತಪ್ಪು, ಅವು ಏಕೆ ಬಂದವು, ಹೇಗೆ ಸರಿಪಡಿಸಬೇಕು. ಎರಡನೆಯದರಲ್ಲಿ ತೆಲುಗು ಸಿನಿಮಾದ ಎರಡು ನಿಮಿಷದ ಒಂದು ದೃಶ್ಯಕ್ಕೆ ತುಟಿ ನೋಡಿ ಕೂರಿಸಿದ ಕನ್ನಡ ಮಾತು. ಮೂರನೆಯದರಲ್ಲಿ ಕನ್ನಡ ಬಾರದ ಒಬ್ಬರಿಗೆ ‘ಗೆ’, ‘ಇಗೆ’, ‘ಕ್ಕೆ’ ಯಾವಾಗ ಬರುತ್ತವೆ ಎಂದು ತಿಳಿಸುವ ಪಾಠ. ಭಾಷಾವಿಜ್ಞಾನ ಓದದವರಿಗೂ ಮೂರೂ ತಿಳಿಯುವಂತಿರಬೇಕು. ಬರೆಯುವಾಗ ಯಾವ ಪುಟದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವೋ ನಿನ್ನ ಜೋಡಿ ಎತ್ತು ಆ ಕಡೆ ಇದೆ. ಕೆಲಸ ಕೇಳಲು ಹೋಗುವಾಗ ಅಂಕಪಟ್ಟಿಗಿಂತ ಮೇಲೆ ಆ ಪುಟ ಇರಲಿ.

ಬರುವ ಭಾನುವಾರ ನಿಮ್ಮ ಕಾಕಾನನ್ನೂ ಊಟಕ್ಕೆ ಕರೆದಿದ್ದೇನೆ. ನೀನು ಬಾಯಲ್ಲಿ ಏನೂ ಉತ್ತರ ಹೇಳಬೇಡ. ಆ ಎರಡನೆಯ ಪುಟವನ್ನು ಅವನ ಕೈಗೆ ಕೊಟ್ಟು, ಟೀವಿಯ ಸದ್ದು ಆರಿಸಿ, ದೃಶ್ಯ ಹಾಕಿ, ಮಾತು ಓದು ಅನ್ನು. ತೆಲುಗು ಸಿನಿಮಾ ಒಂದನ್ನೂ ಬಿಡುವವನಲ್ಲ ಅವನು, ನಟನ ತುಟಿಗೆ ತನ್ನ ಮಾತು ಕೂತದ್ದು ಅವನಿಗೇ ತಿಳಿಯುತ್ತದೆ. ನೀನು ಮಾತ್ರ ಈ ಸಲ ರೊಟ್ಟಿ ಬಿಟ್ಟು ಏಳಬೇಡ. ಎಣ್ಣೆಗಾಯಿ ಮತ್ತೆ ಮಾಡುತ್ತೇನೆ.